ಮೇಷ್ಟ್ರನ್ನು ‘ಎನ್‌ಕೌಂಟರ್’ ಮಾಡಬಹುದೇ?

ಪತ್ರ: ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ ‘ಐ ಎನ್‌ಕೌಂಟರ್ಡ್ ವಿತ್ ಮೈ ಓಲ್ಡ್ ಟೀಚರ್ ಇನ್ ದ ಬಸ್ ಸ್ಟ್ಯಾಂಡ್’ ಎಂದು ಬರೆದಳು. ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಅಂಕ ಕಳೆದಿದ್ದಾರೆ. ನಿಘಂಟು ತೆಗೆದರೆ ‘ಆಕಸ್ಮಿಕ ಭೇಟಿ’ ಅಂತಲೇ ಇದೆ. ಪೇಪರು, ಟಿವಿ ನೋಡಿದರೆ ಎನ್‌ಕೌಂಟರ್ ಅಂದರೆ ಪೊಲೀಸರ ಗುಂಡೇಟು. ಯಾವುದು ಸರಿ? ದಾರಿಯಲ್ಲಿ ಯಾರಾದರೂ ಸಿಕ್ಕರೆ ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕು?
– ಓದುಗರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಅಂಕ ಹೋಗಿರುವುದು ಬಹುಶಃ ‘ವಿತ್’ನಿಂದ. ಎನ್‌ಕೌಂಟರ್ ಕ್ರಿಯಾಪದವಾಗಿ ಬಂದಾಗ ಅದಕ್ಕೂ ಎದುರಾದವರಿಗೂ ನಡುವೆ ಏನೂ ಬರಬಾರದು. ‘ವಿ ಎನ್‌ಕೌಂಟರ್ಡ್ ಅ ಪ್ರಾಬ್ಲಂ’ ಅಷ್ಟೇ. ನಾಮಪದವಾದಾಗ ಮಾತ್ರ ‘ವಿತ್’ ಬೇಕು: ‘ಆ್ಯನ್ ಎನ್‌ಕೌಂಟರ್ ವಿತ್ ಅ ಬೇರ್’. ಕನ್ನಡದಲ್ಲಿ ‘ಅವರ ಜೊತೆ ಭೇಟಿಯಾಯಿತು’ ಎನ್ನುತ್ತೇವಲ್ಲ, ಆ ‘ಜೊತೆ’ಯೇ ಇಂಗ್ಲಿಷಿಗೆ ಹೋಗಿ ‘ವಿತ್’ ಆಗುತ್ತದೆ. ‘ಡಿಸ್ಕಸ್ ಅಬೌಟ್’ ಎಂದು ಬರೆಯುವ ತಪ್ಪೂ ಇದೇ ಜಾತಿಯದು. ಅಲ್ಲಿ ನುಸುಳುವುದು ನಮ್ಮ ‘ಬಗ್ಗೆ’.

‘ವಿತ್’ ಕಿತ್ತುಹಾಕಿದರೆ ವ್ಯಾಕರಣ ಸರಿಯಾಗುತ್ತದೆ, ವಾಕ್ಯ ಮಾತ್ರ ಇಸ್ತ್ರಿ ಹಾಕಿದ ಹಾಗೆ ಬಿಗಿಯಾಗಿಯೇ ಉಳಿಯುತ್ತದೆ. ಕಾರಣ ಪದದ ಹುಟ್ಟಿನಲ್ಲಿದೆ. ಲ್ಯಾಟಿನ್ನಿನ ‘ಇನ್’ ಮತ್ತು ‘ಕಾಂಟ್ರಾ’ ಸೇರಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ ಇದು. ‘ಕಾಂಟ್ರಾ’ ಎಂದರೆ ಎದುರು, ವಿರುದ್ಧ. ಮೊದಮೊದಲು ಅದು ಶತ್ರುವಿಗೆ ಎದುರಾಗುವುದನ್ನು, ಕಾದಾಟವನ್ನು ಹೇಳುತ್ತಿತ್ತು. ಅಕಸ್ಮಾತ್ ಎದುರಾಗುವುದು, ಕಷ್ಟ ಎದುರಾಗುವುದು ಎಂಬ ಅರ್ಥಗಳು ಬರಬರುತ್ತಾ ಬೆಳೆದವು. (ಬ್ಯಾಂಕಿನ ಕೌಂಟರಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಅದು ಎಣಿಸುವುದು ಎಂಬರ್ಥದ ಬೇರೆ ಲ್ಯಾಟಿನ್ ಧಾತುವಿನಿಂದ ಬಂದದ್ದು, ದುಡ್ಡು ಎಣಿಸುವ ಮೇಜು.)

ಕನ್ನಡದವರಿಗೆ ಇದು ಕಷ್ಟವಾಗಬಾರದು, ಏಕೆಂದರೆ ನಮ್ಮ ‘ಎದುರು’ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ದಾರಿಯಲ್ಲಿ ಎದುರಾದ, ಕಷ್ಟವನ್ನು ಎದುರಿಸಿದ, ಕುಸ್ತಿಯಲ್ಲಿ ಎದುರಾಳಿ. ಬೀಗರನ್ನು ಎದುರುಗೊಳ್ಳುವುದೂ ಅದೇ ಬೇರಿನಿಂದಲೇ, ಆದರೆ ಆ ಆದರದ ಛಾಯೆ ಎನ್‌ಕೌಂಟರಿಗಿಲ್ಲ. ಹೀಗಾಗಿ ನಿಘಂಟಿನ ‘ಆಕಸ್ಮಿಕ ಭೇಟಿ’ಗಿಂತ ‘ಎದುರಾಗು’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ‘ಭೇಟಿ’ ಎಂದಾಕ್ಷಣ ಕೈಕುಲುಕುವ ಚಿತ್ರ ಬರುತ್ತದೆ, ಎನ್‌ಕೌಂಟರಿನಲ್ಲಿ ಕೈಕುಲುಕಲೇಬೇಕೆಂದಿಲ್ಲ.

ಪಕ್ಕದ ಚಿತ್ರದುರ್ಗದಲ್ಲೇ ಇದಕ್ಕೊಂದು ಉದಾಹರಣೆಯಿದೆ. ಗಂಡ ಊಟಕ್ಕೆ ಕೂತ ಹೊತ್ತಿನಲ್ಲಿ ನೀರಿಗೆಂದು ಹೋದ ಓಬವ್ವನಿಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರು ಕಂಡರು ಎನ್ನುತ್ತದೆ ಐತಿಹ್ಯ. ಇದನ್ನು ಇಂಗ್ಲಿಷಿನಲ್ಲಿ ಬರೆಯುವವರು ‘ಓಬವ್ವ ಎನ್‌ಕೌಂಟರ್ಡ್ ದ ಎನಿಮಿ ಸೋಲ್ಜರ್ಸ್’ ಎಂದರೆ ಪದ ಪೂರ್ತಿ ಒಪ್ಪುತ್ತದೆ. ಅವರು ಅಲ್ಲಿರುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ, ಎದುರಾದವರು ಶತ್ರುಗಳು, ಮುಂದೆ ಆದದ್ದು ಒನಕೆಯ ಕಾಳಗ. ಅದೇ ಜಾಗದಲ್ಲಿ ‘ಮೆಟ್’ ಹಾಕಿ ನೋಡಿ, ಸೈನಿಕರು ಮಾತಾಡಿಸಿಕೊಂಡು ಹೋಗಲು ಬಂದಂತಿರುತ್ತದೆ. ಜೋಗಿಮಟ್ಟಿ ಕಡೆ ಕರಡಿ ಎದುರಾದರೂ ಇಂಗ್ಲಿಷ್ ಪತ್ರಿಕೆಗಳು ಬರೆಯುವುದು ಎನ್‌ಕೌಂಟರ್ ಎಂದೇ.

ಪೊಲೀಸರ ಎನ್‌ಕೌಂಟರ್ ಹುಟ್ಟಿದ್ದೂ ಆ ಹಳೆಯ ಕಾದಾಟದ ಅರ್ಥದಿಂದ. ‘ಆರೋಪಿಗಳು ಎದುರಾದರು, ಗುಂಡು ಹಾರಿಸಿದರು, ನಾವೂ ಹಾರಿಸಬೇಕಾಯಿತು’ ಎಂಬ ವರದಿಯ ಭಾಷೆಯಲ್ಲಿ ಅದು ಎರಡೂ ಕಡೆಯ ಗುಂಡಿನ ಚಕಮಕಿಯನ್ನು ಹೇಳುತ್ತಿತ್ತು. ಜನರ ಬಾಯಲ್ಲಿ ಚಕಮಕಿ ಉದುರಿಹೋಗಿ ಸಾವಷ್ಟೇ ಉಳಿಯಿತು. ‘ಅವನನ್ನು ಎನ್‌ಕೌಂಟರ್ ಮಾಡಿದರು’ ಎಂದರೆ ಈಗ ಕೊಂದರು ಎಂದೇ ಅರ್ಥ. ಇದು ಭಾರತ ಮತ್ತು ಆಸುಪಾಸಿನ ದೇಶಗಳ ಇಂಗ್ಲಿಷ್; ಇಲ್ಲಿನ ಸುದ್ದಿ ಓದದ ಬ್ರಿಟಿಷರಿಗೆ ‘ಕಿಲ್ಡ್ ಇನ್ ಆ್ಯನ್ ಎನ್‌ಕೌಂಟರ್’ ಎಂದರೆ ಯಾವುದರ ಎನ್‌ಕೌಂಟರ್ ಎಂಬ ಪ್ರಶ್ನೆ ಏಳುತ್ತದೆ. ಕಾನೂನಿನಲ್ಲಂತೂ ಪೊಲೀಸರಿಗೆ ಎನ್‌ಕೌಂಟರ್ ಎಂಬ ಪ್ರತ್ಯೇಕ ಅಧಿಕಾರವಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿ ಇರುವ ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇರುವಂಥದ್ದು. ಇಂಥ ಸಾವುಗಳ ತನಿಖೆ ಹೇಗೆ ನಡೆಯಬೇಕೆಂದು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ 1997ರಲ್ಲಿ ಮುಖ್ಯಮಂತ್ರಿಗಳಿಗೆ ಪತ್ರ ಬರೆದಿದ್ದರು. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು 16 ಅಂಶಗಳ ಮಾರ್ಗಸೂಚಿ ಕೊಟ್ಟಿತು: ಎಫ್‌ಐಆರ್ ದಾಖಲಾಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡಬಾರದು. ಆದ್ದರಿಂದ ನೀವು ಕೇಳಿದ ‘ಯಾವುದು ಸರಿ’ಗೆ ಉತ್ತರ: ಎರಡೂ ಸರಿ, ಆದರೆ ಪೊಲೀಸ್ ಅರ್ಥ ಈ ಭಾಗದ್ದು ಮಾತ್ರ. ಮೇಷ್ಟ್ರ ಹೆಸರಿನ ಪಕ್ಕ ಈ ಪದ ಕಂಡರೆ ನಮ್ಮ ಓದುಗರು ಒಂದು ಕ್ಷಣ ಬೆಚ್ಚಿಬಿದ್ದಾರು. ಬೆಚ್ಚುವುದು ನ್ಯಾಯವೇ.

ಇನ್ನು ಬಸ್ ಸ್ಟ್ಯಾಂಡಿನ ವಿಷಯ. ಅಲ್ಲಿ ಬೇಕಿದ್ದದ್ದು ‘ರನ್ ಇನ್‌ಟು’ ಅಥವಾ ‘ಬಂಪ್ ಇನ್‌ಟು’. ‘ಐ ರ್‍ಯಾನ್ ಇನ್‌ಟು ಮೈ ಓಲ್ಡ್ ಟೀಚರ್ ಅಟ್ ದ ಬಸ್ ಸ್ಟ್ಯಾಂಡ್’ ಎಂದರೆ ಸಹಜ ಇಂಗ್ಲಿಷ್. ‘ಇನ್’ ಬದಲು ‘ಅಟ್’ ಬಂದಿರುವುದನ್ನೂ ಮಗಳಿಗೆ ತೋರಿಸಿ. ‘ಬಂಪ್ ಇನ್‌ಟು’ ಇನ್ನೂ ಸಲಿಗೆಯದು, ಗೆಳೆಯರ ನಡುವೆ ಚೆನ್ನ, ಅರ್ಜಿಯಲ್ಲಿ ಬೇಡ. ಎರಡರಲ್ಲೂ ಒಂದು ಹಳ್ಳ ಇದೆ: ಗಾಡಿಯ ಮಾತು ಬಂದರೆ ಅರ್ಥ ಪಲ್ಟಿ ಹೊಡೆಯುತ್ತದೆ. ‘ಮೈ ಬೈಕ್ ರ್‍ಯಾನ್ ಇನ್‌ಟು ಹಿಮ್’ ಎಂದರೆ ಬೈಕು ಅವನಿಗೆ ಗುದ್ದಿತು. ಹಾಗೆಯೇ ‘ಐ ಮೆಟ್ ಹಿಮ್ ಬೈ ಆ್ಯಕ್ಸಿಡೆಂಟ್’ ಎಂದರೆ ಅಕಸ್ಮಾತ್ ಸಿಕ್ಕ, ‘ಐ ಮೆಟ್ ವಿತ್ ಆ್ಯನ್ ಆ್ಯಕ್ಸಿಡೆಂಟ್’ ಎಂದರೆ ಅಪಘಾತವಾಯಿತು. ರಜೆಯ ಅರ್ಜಿಯಲ್ಲಿ ಇವೆರಡು ಅದಲುಬದಲಾದರೆ ಹೆಡ್‌ಮಾಸ್ಟರು ಹಣ್ಣು ಹಿಡಿದು ಆಸ್ಪತ್ರೆಗೆ ಬರಬೇಕಾದೀತು.

ಮಕ್ಕಳು ಇದಕ್ಕಿಂತ ಹೆಚ್ಚು ಎಡವುವ ಜಾಗ ಬೇರೆಯೇ ಇದೆ. ಕನ್ನಡದಲ್ಲಿ ‘ನನಗೆ ಮೇಷ್ಟ್ರು ಸಿಕ್ಕರು’ ಎನ್ನುತ್ತೇವೆ. ಕರ್ತೃಪದ ಮೇಷ್ಟ್ರು, ನಾನು ಬರೀ ‘ನನಗೆ’. ಹುಡುಕಿಕೊಂಡು ಹೋಗಿಲ್ಲ ಎಂಬುದು ಆ ‘ಗೆ’ ಪ್ರತ್ಯಯದಲ್ಲೇ ಅಡಗಿದೆ, ‘ಆಕಸ್ಮಿಕವಾಗಿ’ ಎಂದು ಬೇರೆ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ‘ಐ’ಯೇ ಕರ್ತೃವಾಗಿ ಮುಂದೆ ನಿಲ್ಲಬೇಕು, ಅಕಸ್ಮಾತ್ತೆಂಬುದನ್ನು ‘ರನ್ ಇನ್‌ಟು’ ಎಂಬ ಕ್ರಿಯಾಪದ ಹೊರಬೇಕು. ಇದು ತಿಳಿಯದೆ ‘ಸಿಗು’ವಿಗೆ ‘ಗೆಟ್’ ಹಾಕಿ ‘ಐ ಗಾಟ್ ಮೈ ಟೀಚರ್ ಇನ್ ದ ಬಸ್ ಸ್ಟ್ಯಾಂಡ್’ ಎಂದು ಬರೆಯುತ್ತಾರೆ. ಆಗ ಮೇಷ್ಟ್ರು ಅಲ್ಲಿ ಮಂಡಕ್ಕಿಯಂತೆ ಕೊಳ್ಳಲು ಸಿಗುವ ಸಾಮಾನಾಗುತ್ತಾರೆ. ವಸ್ತು ಸಿಕ್ಕಾಗಲೂ ‘ಗೆಟ್’ ಎಲ್ಲ ಕಡೆ ನಡೆಯುವುದಿಲ್ಲ; ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಫೋಟೋ ಕಣ್ಣಿಗೆ ಬಿದ್ದರೆ, ಪುಸ್ತಕದಲ್ಲಿ ಹೊಸ ಪದ ಎದುರಾದರೆ ‘ಕೇಮ್ ಅಕ್ರಾಸ್’. ಇದು ಮನುಷ್ಯರಿಗೂ ಸಲ್ಲುತ್ತದೆ, ಆದರೆ ‘ಇಂಥ ಮನುಷ್ಯರನ್ನು ನಾನು ನೋಡೇ ಇಲ್ಲ’ ಎಂಬ ಧಾಟಿಯ ಮಾತಿಗೆ ಹೆಚ್ಚು ಒಗ್ಗುತ್ತದೆ.

ಹಾಗಾದರೆ ಎನ್‌ಕೌಂಟರ್ ಎಲ್ಲಿ? ಕನ್ನಡದಲ್ಲಿ ಮೊದಲು ಹೇಳಿ ನೋಡಲಿ. ‘ಸಿಕ್ಕ’ ಸಾಕೆನಿಸಿದರೆ ‘ರ್‍ಯಾನ್ ಇನ್‌ಟು’. ‘ಎದುರಾಯಿತು’ ಎಂದೇ ಹೇಳಬೇಕೆನಿಸಿದರೆ, ಅಂದರೆ ಘಟನೆಗೆ ಭಾರವಿದ್ದರೆ, ಎನ್‌ಕೌಂಟರ್. ಕಷ್ಟ, ವಿರೋಧ, ಕಾಡುಪ್ರಾಣಿ, ಬದುಕಿನ ದಿಕ್ಕು ಬದಲಿಸಿದ ಒಂದು ಸಂಜೆಯ ಮಾತು ಇವೆಲ್ಲ ಈ ಸಾಲಿಗೆ ಬರುತ್ತವೆ. ಮೇಷ್ಟ್ರು ಸಿಕ್ಕಿದ್ದರಿಂದಲೇ ಓದು ಬಿಟ್ಟಿದ್ದವಳು ಮತ್ತೆ ಕಾಲೇಜು ಸೇರಿದಳು ಎಂಬ ಕಥೆಯಾಗಿದ್ದರೆ ‘ಅ ಚಾನ್ಸ್ ಎನ್‌ಕೌಂಟರ್ ವಿತ್ ಮೈ ಓಲ್ಡ್ ಟೀಚರ್’ ಬಹಳ ಚೆನ್ನಾಗಿ ಕೂರುತ್ತಿತ್ತು. ‘ಚಾನ್ಸ್’ ಸೇರಿಸುವುದು ದಂಡವಲ್ಲ, ಏಕೆಂದರೆ ಎನ್‌ಕೌಂಟರ್ ಪ್ರತಿಸಲವೂ ಆಕಸ್ಮಿಕವೇ ಆಗಿರಬೇಕೆಂದಿಲ್ಲ.

ಈ ಪರೀಕ್ಷೆ ಕೈಕೊಡುವ ಕಡೆಯೂ ಇದೆ, ವರದಿಗಳ ಇಂಗ್ಲಿಷಿನಲ್ಲಿ. ನಮ್ಮ ಕಡೆ ಬೋರ್‌ವೆಲ್ ಕೊರೆಸುವಾಗ ಇಷ್ಟು ಅಡಿಗೆ ಕಲ್ಲು ಬಂತು, ಇಷ್ಟಕ್ಕೆ ನೀರು ಬಿತ್ತು ಎನ್ನುತ್ತೇವೆ. ಅಂತರ್ಜಲದ ವರದಿಯಲ್ಲಿ ಕಲ್ಲೂ ನೀರೂ ಎರಡೂ ‘ಎನ್‌ಕೌಂಟರ್ಡ್’, ಅಲ್ಲಿ ಭಾರವೂ ಇಲ್ಲ, ವೈರವೂ ಇಲ್ಲ. ಆಸ್ಪತ್ರೆಯ ಕಂಪ್ಯೂಟರ್ ದಾಖಲೆಗಳಲ್ಲಿ ರೋಗಿ ವೈದ್ಯರನ್ನು ಕಂಡ ಒಂದೊಂದು ಸಲವೂ ಒಂದು ‘ಎನ್‌ಕೌಂಟರ್’. ಡಿಸ್ಚಾರ್ಜ್ ಕಾಗದದಲ್ಲಿ ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಒಂದು ಎಚ್ಚರಿಕೆ. ‘ಕ್ಯಾಷುಯಲ್ ಎನ್‌ಕೌಂಟರ್’ ಎಂದರೆ ಸುಮ್ಮನೆ ಸಿಕ್ಕದ್ದು ಎಂದುಕೊಂಡು ಬರೆಯುವವರಿದ್ದಾರೆ. ಈಗಿನ ಇಂಗ್ಲಿಷಿನಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಅದಕ್ಕೆ ದೈಹಿಕ ಸಂಬಂಧದ ಅರ್ಥ ಗಟ್ಟಿಯಾಗಿ ಅಂಟಿಕೊಂಡಿದೆ. ಮೇಷ್ಟ್ರ ವಿಷಯದಲ್ಲಿ ಹಾಗೆ ಬರೆದಿದ್ದರೆ ಕೆಂಪು ಇಂಕಿನ ಸುತ್ತಿನಲ್ಲೇ ಮುಗಿಯುತ್ತಿರಲಿಲ್ಲ. ‘ರಾಂದೆವೂ’, ‘ಟ್ರಿಸ್ಟ್’ ಕೂಡ ಇಲ್ಲಿ ಸಲ್ಲುವುದಿಲ್ಲ, ಎರಡೂ ಮೊದಲೇ ಗೊತ್ತುಮಾಡಿಕೊಂಡ ಭೇಟಿಗಳು. 1947ರ ಆಗಸ್ಟ್ 14ರ ರಾತ್ರಿ ನೆಹರೂ ‘ಟ್ರಿಸ್ಟ್ ವಿತ್ ಡೆಸ್ಟಿನಿ’ ಎಂದಾಗ ಹೇಳಿದ್ದು ಬಹಳ ಹಿಂದೆ ವಿಧಿಗೆ ಕೊಟ್ಟಿದ್ದ ಮಾತಿನ ಬಗ್ಗೆ. ಮದುವೆ ಆಲ್ಬಂಗಳಲ್ಲಿ ಈಚೆಗೆ ಕಾಣುವ ‘ಸೆರೆಂಡಿಪಿಟಿ’ ಭೇಟಿಯೇ ಅಲ್ಲ, ಹುಡುಕದೆ ಒದಗಿದ ಒಳ್ಳೆಯದು. ಶ್ರೀಲಂಕೆಯ ಹಳೆಯ ಹೆಸರಾದ ಸೆರೆಂಡಿಪ್‌ನಿಂದ 1754ರಲ್ಲಿ ಹೊರೇಸ್ ವಾಲ್‌ಪೋಲ್ ಒಂದು ಪತ್ರದಲ್ಲಿ ಹೊಸದಾಗಿ ಕಟ್ಟಿದ ಪದ ಅದು. ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದನ್ನು ಅದರಲ್ಲಿ ಹೇಳಹೋದರೆ ಅವರು ಏನು ಒಳ್ಳೆಯದು ಮಾಡಿದರೆಂದು ಮುಂದಿನ ವಾಕ್ಯದಲ್ಲಿ ಬರೆಯಬೇಕಾಗುತ್ತದೆ.