ಅಡಿಕೆ ಬೇಯಿಸುವ ಹಂಡೆಗೆ ಯಾವ ಲೋಹ: ಎಂಎಸ್, 202, 304?

ತೀರ್ಥಹಳ್ಳಿ ಹತ್ತಿರ ಅಡಿಕೆ ಸಂಸ್ಕರಣೆ ಘಟಕ ಹಾಕುತ್ತಿದ್ದೀರಿ, 200 ಲೀಟರ್ ಹಂಡೆಗೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಕಬ್ಬಿಣ), ಅಲ್ಯೂಮಿನಿಯಂ, ಎಸ್ಎಸ್ (ಸ್ಟೇನ್ಲೆಸ್ ಸ್ಟೀಲ್) ದರ್ಜೆಗಳಾದ 202, 304 ಇವುಗಳಲ್ಲಿ ಯಾವುದು ಎಂದು ಕೇಳಿದ್ದೀರಿ. 304 ಮಾಡಿಸಿ. ದುಡ್ಡು ಉಳಿಸಬೇಕಿದ್ದರೆ ಒಲೆಯಲ್ಲಿ, ಶೆಡ್ಡಿನಲ್ಲಿ ಉಳಿಸಿ, ಚೊಗರು (ಅಡಿಕೆ ಬೇಯಿಸಿದ ಒಗರು ನೀರು) ತಾಗುವ ಜಾಗದಲ್ಲಿ ಬೇಡ.

ಚೊಗರಿನಲ್ಲಿರುವುದು ಟ್ಯಾನಿನ್ ಎಂಬ ಒಗರಿನ ಅಂಶ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಎಂಎಸ್ ಹಂಡೆಯಲ್ಲಿ ಆಗುವುದೂ ಅದೇ. ಕೆಂಪು ಬಣ್ಣ ಕೂರಬೇಕಾದ ಅಡಿಕೆ ಕಪ್ಪಿಟ್ಟರೆ ಮಂಡಿಯಲ್ಲಿ ದರ ಬಿತ್ತು ಅಂತಲೇ ಲೆಕ್ಕ. ಚೊಗರಿಗೆ ಸುಣ್ಣ ಬೆರೆಸುವವರಿದ್ದಾರೆ, ಕುದಿಯುವ ಸುಣ್ಣದ ನೀರು ಅಲ್ಯೂಮಿನಿಯಂ ತಿನ್ನುತ್ತದೆ. ಹಿರಿಯರ ಕಾಲದ ತಾಮ್ರದ ಹಂಡೆ ಮನೆಯಲ್ಲಿದ್ದರೆ ಗುಜರಿಗೆ ಕೊಡಬೇಡಿ. ತಾಮ್ರ 304ಕ್ಕಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಹರಡುತ್ತದೆ. 304ರಲ್ಲಿ ಬೆಂಕಿ ಬಿದ್ದ ಜಾಗವೊಂದೇ ಕಾದು ತಳ ಉಬ್ಬುತ್ತದೆ. ಆದ್ದರಿಂದ ತಳ 3 ಮಿ.ಮೀ., ಪಕ್ಕ 2 ಮಿ.ಮೀ. ಇರಲಿ, ಬರಿ ಹಂಡೆಗೆ ಬೆಂಕಿ ಹಾಕಲೇಬೇಡಿ.

304ರಲ್ಲಿ ನಿಕ್ಕಲ್ ಶೇ. 8ಕ್ಕಿಂತ ಕಡಿಮೆ ಇರುವುದಿಲ್ಲ. 202ರಲ್ಲಿ ಶೇ. 4ರಿಂದ 6, ಉಳಿದ ಕೊರತೆಗೆ ಮ್ಯಾಂಗನೀಸ್. ವೆಲ್ಡಿಂಗ್ ಪಕ್ಕದಲ್ಲಿ ಮೊದಲು ತುಕ್ಕು ಕಾಣುವುದು 202ರಲ್ಲೇ. ಅಯಸ್ಕಾಂತ ಹಿಡಿದು ನೋಡಿ ಪ್ರಯೋಜನವಿಲ್ಲ, ಎರಡಕ್ಕೂ ಅದು ಅಂಟುವುದಿಲ್ಲ. ಹೀಟ್ ನಂಬರ್ (ಆ ಉಕ್ಕು ಕರಗಿಸಿದ ಸರದಿಯ ಸಂಖ್ಯೆ) ಇರುವ ಮಿಲ್ ಸರ್ಟಿಫಿಕೇಟ್, ಅಂದರೆ ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರ ಕೇಳಿ, ಶೀಟ್ ಮೇಲಿನ ನಂಬರಿಗೆ ತಾಳೆ ನೋಡಿ. ದಪ್ಪವನ್ನು ತಕ್ಕಡಿಯಲ್ಲೇ ಪರೀಕ್ಷಿಸಬಹುದು: 1 ಚದರ ಮೀಟರ್, 1 ಮಿ.ಮೀ. ಶೀಟ್ ಸುಮಾರು 8 ಕೆಜಿ. ಮೇಲೆ ಹೇಳಿದ ದಪ್ಪದಲ್ಲಿ 75 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಹಂಡೆ ಹಿಡಿಕೆ, ಅಂಚುಪಟ್ಟಿ ಬಿಟ್ಟು 29 ಕೆಜಿ ಆಸುಪಾಸು ತೂಗಬೇಕು. 22 ಕೆಜಿ ಬಂದರೆ ತೆಳು ಶೀಟ್ ಹಾಕಿದ್ದಾರೆ.

ಇನ್ನು ವೆಲ್ಡಿಂಗ್. ಒಳ್ಳೆಯ ಶೀಟ್ ಕೆಡುವುದು ಹೆಚ್ಚಾಗಿ ಇಲ್ಲೇ. ಆರ್ಗಾನ್ ವೆಲ್ಡಿಂಗ್, 304ಕ್ಕೆ ಹೊಂದುವ 308ಎಲ್ ರಾಡ್ ಎಂದು ಆರ್ಡರಿನಲ್ಲೇ ಬರೆಸಿ. ತಳದ ಶೀಟನ್ನು 25 ಮಿ.ಮೀ. ಮೇಲಕ್ಕೆ ಮಡಚಿ ಪಕ್ಕಕ್ಕೆ ಜೋಡಿಸಲಿ, ಆಗ ಜೋಡಣೆ ಮೂಲೆಗೂ ನೇರ ಉರಿಗೂ ಸಿಗುವುದಿಲ್ಲ. ಒಳಗಿನಿಂದ ಬೆರಳಾಡಿಸಿ ನೋಡಿ: ಸಂದು ಸಿಕ್ಕರೆ ಅಲ್ಲಿ ಚೊಗರು ಕೂತು ಕೊರೆಯುತ್ತದೆ. ವೆಲ್ಡಿಂಗಿನ ನೀಲಿ, ಕಂದು ಬಣ್ಣವನ್ನು ಪಿಕ್ಲಿಂಗ್ ಪೇಸ್ಟಿನಿಂದ ತೆಗೆಸಿ. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ, ಗ್ಲೌಸ್, ಕನ್ನಡಕವಿಲ್ಲದೆ ಯಾರೂ ಮುಟ್ಟಬಾರದು. ಎಂಎಸ್ ಉಜ್ಜಿದ ಗ್ರೈಂಡಿಂಗ್ ವೀಲ್ ಹಂಡೆಗೆ ಬೇಡವೇ ಬೇಡ. ಆ ಕಬ್ಬಿಣದ ಕಣಗಳು ಕಚ್ಚಿಕೊಂಡು ಮೊದಲ ಮಳೆಗಾಲದಲ್ಲೇ ಕೆಂಪು ಚುಕ್ಕೆ ಏಳುತ್ತವೆ, ಆಮೇಲೆ 304 ಅಲ್ಲ ಎಂದು ಅಂಗಡಿಯವನ ಮೇಲೆ ಸಿಟ್ಟು.

ಕೆಲಸ ಮುಗಿದ ರಾತ್ರಿ ಚೊಗರು ಹಂಡೆಯಲ್ಲಿ ಬಿಡದೆ ಬಸಿದು ತೊಳೆಯಿರಿ. ಬ್ಲೀಚಿಂಗ್ ಪುಡಿ ಬೇಡ, ಕ್ಲೋರೈಡಿಗೆ 304 ತೂತು ಬೀಳುತ್ತದೆ. ಅಡಿಕೆ ಎತ್ತುವ ಜಾಲರಿ ಬುಟ್ಟಿಯೂ 304 ಆಗಲಿ. ಸುಲಿಯುವ ಯಂತ್ರದ ಬ್ಲೇಡಿಗೆ ಮಾತ್ರ ಇದು ಆಗದು, 304 ಹದ ಹಾಕಿದರೂ ಗಡಸಾಗುವುದಿಲ್ಲ. ಅಲ್ಲಿಗೆ ಹದ ಹಾಕಿದ 420 ದರ್ಜೆಯ ಎಸ್ಎಸ್. ಒಲೆಯ ಸುತ್ತಿನ ಫ್ರೇಮ್ ಎಂಎಸ್ ಇರಲಿ, ಹಂಡೆಗೆ ಬೆಸೆಯದೆ ಮೇಲೆ ಕೂರುವಂತೆ ಮಾಡಿಸಿ. ಬೆಸೆಯಲೇಬೇಕಾದರೆ ಎಂಎಸ್‌ಗೂ ಎಸ್ಎಸ್‌ಗೂ ಜೋಡಿಸುವ 309ಎಲ್ ರಾಡ್.