‘ಹುಟ್ಟು ನರ್ತಕಿ’ ಅನ್ನೋ ಮಾತು ತೆಗೆಯಿರಿ

ನಮಸ್ಕಾರ.

‘ಸಿಂಗಿನ್ ಇನ್ ದ ರೇನ್’ ಅನ್ನೋ ಹಾಲಿವುಡ್ ಸಿನಿಮಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. 1952ರ ಸಿನಿಮಾವನ್ನು ಈಗ ನೋಡಿ, ಇಷ್ಟಪಟ್ಟು ಬರೆದಿದ್ದೀರಿ, ಖುಷಿಯಾಯಿತು. ಆದರೆ ಇದನ್ನು ಹೀಗೇ ಹಾಕೋಕೆ ಆಗಲ್ಲ. ಎರಡು ಸಾಲು ನನಗೆ ನಿನ್ನೆಯಿಂದ ಸಮಾಧಾನ ಕೊಟ್ಟಿಲ್ಲ.

ಮೊದಲನೆಯದು: “ಡೆಬ್ಬಿ ರೆನಾಲ್ಡ್ಸ್ ಹುಟ್ಟು ನರ್ತಕಿ. ಕುಣಿಯುವುದು ಆಕೆಗೆ ಉಸಿರಾಡಿದಷ್ಟೇ ಸಲೀಸು.”

ಇದು ನಿಜ ಅಲ್ಲ. ಶೂಟಿಂಗ್ ಶುರುವಾದಾಗ ಈ ಸಿನಿಮಾದ ನಾಯಕಿಯಾದ ಆಕೆಗೆ 19 ವರ್ಷ. ಜಿಮ್ನಾಸ್ಟಿಕ್ಸ್ ಬರುತ್ತಿತ್ತು, ಡ್ಯಾನ್ಸ್ ಬರುತ್ತಿರಲಿಲ್ಲ. ಒಂದು ಪಕ್ಕದಲ್ಲಿ ನಾಯಕ ಜೀನ್ ಕೆಲ್ಲಿ, ಇನ್ನೊಂದು ಪಕ್ಕದಲ್ಲಿ ನಾಯಕನ ಗೆಳೆಯನ ಪಾತ್ರದ ಡೊನಾಲ್ಡ್ ಓಕಾನರ್. ಇಬ್ಬರೂ ಚಿಕ್ಕಂದಿನಿಂದ ಕುಣಿದು ಪಳಗಿದವರು. ಅವರ ಸಮಕ್ಕೆ ಈ ಹುಡುಗಿ ಕುಣಿಯಬೇಕು. ಒಂದು ದಿನ ಪಿಯಾನೋ ಕೆಳಗೆ ಕೂತು ಅಳುತ್ತಿದ್ದಾಗ ಹಾಲಿವುಡ್‌ನ ಹೆಸರಾಂತ ಡ್ಯಾನ್ಸರ್ ಫ್ರೆಡ್ ಅಸ್ಟೇರ್ ನೋಡಿ, ತಾವು ಅಭ್ಯಾಸ ಮಾಡುವ ಜಾಗಕ್ಕೆ ಕರೆದರು ಅಂತ ಆಕೆಯೇ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ಕಲಾವಿದರೂ ಬೆವರು ಸುರಿಸುವುದನ್ನು ಆಕೆ ಅಲ್ಲಿ ಕಣ್ಣಾರೆ ಕಂಡರು. ‘ಗುಡ್ ಮಾರ್ನಿಂಗ್’ ಹಾಡಿನ ಶೂಟಿಂಗ್ ಮುಗಿಯುವಷ್ಟರಲ್ಲಿ ಆಕೆಯ ಪಾದಗಳಲ್ಲಿ ರಕ್ತ ಬಂದಿತ್ತು. ಆ ಹಾಡಿನ ಕೊನೆಯಲ್ಲಿ ಮೂವರೂ ಸೋಫಾ ಹತ್ತಿ ಅದನ್ನು ಮಗುಚಿ ನಗುತ್ತಾರಲ್ಲ, ಆ ನಗು ಇನ್ನೊಂದು ಸಲ ನೋಡಿ. ನೀವು ‘ಹುಟ್ಟು’ ಅಂದ ತಕ್ಷಣ ಆ ಹುಡುಗಿ ಪಟ್ಟ ಪಾಡೆಲ್ಲ ಅಳಿಸಿಹೋಯಿತು. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಎರಡನೆಯದು: “ಮಳೆಯಲ್ಲಿ ಕೆಲ್ಲಿ ಕುಣಿಯುವುದನ್ನು ಪದಗಳಲ್ಲಿ ಹೇಳಲು ಸಾಧ್ಯವೇ ಇಲ್ಲ.”

ಇದೇ ಸಾಲನ್ನು ನಾನೂ ಬರೆದಿದ್ದೆ. ಪತ್ರಿಕೆಗೆ ಹೊಸದಾಗಿ ಸೇರಿದ್ದ ದಿನಗಳು. ನಮ್ಮ ಹಿರಿಯರು ಅದರ ಸುತ್ತ ಕೆಂಪು ಇಂಕಿನಲ್ಲಿ ಗೆರೆ ಎಳೆದು ಕೇಳಿದರು: “ಅವನು ಕೊಡೆ ಮಡಚಿದ್ದು ಯಾವಾಗಪ್ಪ?” ನನಗೆ ಗೊತ್ತಿರಲಿಲ್ಲ. ಆ ಶನಿವಾರ ವಿಸಿಆರ್ ಬಾಡಿಗೆಗೆ ತಂದೆ. ಆ ಒಂದು ಹಾಡನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದೆ. ನೋಟ್‌ಬುಕ್ಕಿನ ಒಂದು ಕಡೆ ಕಾಲು, ಇನ್ನೊಂದು ಕಡೆ ಕೊಡೆ ಅಂತ ಬರೆದುಕೊಳ್ಳುತ್ತಾ ಹೋದೆ. ಅಮ್ಮ ಎದ್ದು ಬಂದು ಟಿವಿ ಆರಿಸು ಅಂದಾಗ ಬೆಳಗಿನ ಮೂರು ಗಂಟೆ. ಮೂರು ಪುಟ ಬರೆದೆ. ಅವರು ಅರ್ಧ ಪುಟಕ್ಕೆ ಇಳಿಸಿ ಹಾಕಿದರು. ಆ ಅರ್ಧ ಪುಟ ಇವತ್ತಿಗೂ ನನ್ನ ಹತ್ತಿರ ಇದೆ.

ಅವನು ಕೊಡೆ ಮಡಚುವುದು ಶುರುವಿನಲ್ಲೇ. ಹುಡುಗಿಯನ್ನು ಬಾಗಿಲಲ್ಲಿ ಬೀಳ್ಕೊಟ್ಟು, ಕಾರನ್ನು ಕಳಿಸಿ, ಒಂದಿಷ್ಟು ನಡೆದು, ಭುಜ ಕುಣಿಸಿ ಮಡಚಿಬಿಡುತ್ತಾನೆ. ಅಲ್ಲಿಂದ ಮುಂದೆ ಅದು ಕೊಡೆಯಾಗಿ ಉಳಿಯುವುದಿಲ್ಲ. ಒಮ್ಮೆ ಗಿಟಾರ್, ಒಮ್ಮೆ ಜೊತೆಗಾತಿ. ದೀಪದ ಕಂಬಕ್ಕೆ ಜಿಗಿಯುತ್ತಾನೆ. ಸೂರಿನ ಕೊಳವೆಯಿಂದ ಧೋ ಅಂತ ಸುರಿಯುವ ನೀರಿಗೆ ಮುಖ ಒಡ್ಡುತ್ತಾನೆ. ಒಂದು ಕಾಲು ಫುಟ್‌ಪಾತಿನ ಮೇಲೆ, ಇನ್ನೊಂದು ರಸ್ತೆಯಲ್ಲಿ ಇಟ್ಟು ಸಾಗುತ್ತಾನೆ. ಆಮೇಲೆ ನೀರು ನಿಂತ ಹೊಂಡಕ್ಕೆ ಇಳಿದು ಚಿಕ್ಕ ಮಕ್ಕಳ ಹಾಗೆ ಎಗರಾಡುತ್ತಾನೆ. ಆ ಹೊಂಡಗಳನ್ನು ಬೇಕಂತಲೇ ತೋಡಿಸಿದ್ದರು. ಕೆಲ್ಲಿಗೆ 103 ಡಿಗ್ರಿ ಜ್ವರ ಇತ್ತು. ಇವೆಲ್ಲ ಪದಗಳಲ್ಲಿ ಹೇಳೋಕೆ ಆಗುತ್ತೆ ಅಲ್ವಾ?

(ಮಳೆ ನೀರಿಗೆ ಹಾಲು ಬೆರೆಸಿದ್ದರು ಅಂತ ಬರೆದಿದ್ದೀರಿ. ಅದು ಕಟ್ಟುಕತೆ, ತೆಗೆಯಿರಿ. ಹಿಂದಿನಿಂದ ಬೆಳಕು ಬಿಟ್ಟಿದ್ದರಿಂದ ಹನಿಗಳು ಕಾಣುತ್ತವೆ.)

ಉಳಿದದ್ದು ಹಾಗೇ ಇರಲಿ. ಈ ಎರಡು ಪ್ಯಾರಾ ಮಾತ್ರ ಹೊಸದಾಗಿ ಬರೆದು ಕಳಿಸಿ. ಹೊಂಡದಲ್ಲಿ ಅವನು ಎಗರಾಡುವಾಗ ಪೊಲೀಸ್ ಬಂದು ನಿಲ್ಲುತ್ತಾನಲ್ಲ, ಅಲ್ಲಿ ಕೆಲ್ಲಿಯ ಕಾಲು ಮಾತ್ರ ನೋಡಿ. ಕೊನೆಗೆ ಆ ಕೊಡೆ ಯಾರ ಕೈ ಸೇರುತ್ತೆ ಅನ್ನೋದನ್ನೂ ಬರೆಯಿರಿ.