ಬಾಗಿಲಿಗೆ ಬಂದ ಬಿಳಿ ಫಾರ್ಚುನರ್

ಈ ಸಲದ ಪತ್ರಗಳಲ್ಲಿ ಮೂರು ಕಾರಿನ ಸುತ್ತಲೇ ಸುತ್ತುತ್ತಿವೆ. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಇದ್ದವಳು, ಅದರಲ್ಲಿ ಹದಿನಾಲ್ಕು ವರ್ಷ ವಾಹನ ಸಾಲದ ಮೇಜಿನ ಹಿಂದೆ ಕೂತವಳು. ಹಾಗಾಗಿ ಅತ್ತೆ-ಸೊಸೆ ಜಗಳದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. 2013ರ ವ್ಯಾಗನ್‌ಆರ್ ಇದೆ, ಒಂದು ದಿನವೂ ಕೈಕೊಟ್ಟಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು ದೊಡ್ಡ ಗಾಡಿಗಳಿಗೆ ಎದ್ದು ಸೆಲ್ಯೂಟ್ ಹೊಡೆಯುತ್ತಾನೆ, ನನ್ನನ್ನು ವಾರಕ್ಕೊಮ್ಮೆಯಾದರೂ ‘ಯಾವ ಫ್ಲ್ಯಾಟು?’ ಅಂತ ನಿಲ್ಲಿಸುತ್ತಾನೆ. ನಾಲ್ಕು ವರ್ಷದಿಂದ ಅಲ್ಲೇ ಇದ್ದೇನೆ. 15 ಲಕ್ಷ ಸಾಲ ಸಿಗುತ್ತದೆ. ಹೊಸ ಗಾಡಿ ತೆಗೆದುಬಿಡಲಾ ಮೇಡಂ?
— ಹೆಸರು ಬೇಡ, ಬೆಂಗಳೂರು

ಉತ್ತರ: 15 ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 31,140 ರೂಪಾಯಿ. ತಿಂಗಳಿಗೆ 22 ದಿನ ಆಫೀಸು, ದಿನಕ್ಕೆ ಎರಡು ಸಲ ಗೇಟು ದಾಟುತ್ತೀರಿ ಅಂತಿಟ್ಟುಕೊಳ್ಳೋಣ. ಒಂದು ಸೆಲ್ಯೂಟಿಗೆ 700 ರೂಪಾಯಿ ಬಿತ್ತು. ಪೆಟ್ರೋಲು ಬೇರೆ. ಕಟ್ಟುವ ಮನಸ್ಸಿದ್ದರೆ ಕಟ್ಟಿ, ನಾನು ಯಾರು ಬೇಡ ಅನ್ನಲಿಕ್ಕೆ.

ಆ ಮನುಷ್ಯನ ಕಡೆಯಿಂದಲೂ ಒಮ್ಮೆ ನೋಡಿ. ಯಾವಾಗಲೋ ಒಂದು ದಿನ ಒಬ್ಬ ದೊಡ್ಡ ಗಾಡಿಯವನನ್ನು ತಡೆದಿದ್ದಾನೆ, ಅವನು ಬಾಯಿಗೆ ಬಂದಂತೆ ಬೈದಿದ್ದಾನೆ, ಸೂಪರ್‌ವೈಸರಿಗೆ ದೂರು ಹೋಗಿದೆ. ನೀವು ಬೈದಿಲ್ಲ, ಅದಕ್ಕೇ ನಿಮ್ಮನ್ನು ಧೈರ್ಯವಾಗಿ ನಿಲ್ಲಿಸುತ್ತಾನೆ. ಅಂದ ಹಾಗೆ, ಅಸೋಸಿಯೇಷನ್‌ನವರು ಕೊಟ್ಟ ಪಾರ್ಕಿಂಗ್ ಸ್ಟಿಕ್ಕರ್ ಗಾಜಿಗೆ ಅಂಟಿಸಿದ್ದೀರೋ, ಇಲ್ಲ ಡ್ಯಾಶ್‌ಬೋರ್ಡಿನಲ್ಲೇ ಬಿದ್ದಿದೆಯೋ? ನಿಮ್ಮ ಆರ್‌ಸಿ 2028ರವರೆಗೆ ಇದೆ. ಓಡಿಸಿ.

ಪ್ರಶ್ನೆ: ಮಗಳಿಗೆ ಇಪ್ಪತ್ತಾರು, ಎಂ.ಕಾಂ. ಮಾಡಿ ಕೆಲಸದಲ್ಲಿದ್ದಾಳೆ. ಯಜಮಾನರು ನಿವೃತ್ತ ಪಿಯು ಉಪನ್ಯಾಸಕರು. ಒಂದೇ ತಿಂಗಳಲ್ಲಿ ಎರಡು ಕಡೆಯವರು ಹೆಣ್ಣು ನೋಡಲು ಬಂದು ಹೋದರು. ಮೊದಲನೆಯವರು ಬಿಳಿ ಫಾರ್ಚುನರಿನಲ್ಲಿ ಬಂದರು. ಹುಡುಗನದು ಸ್ವಂತ ವ್ಯವಹಾರ. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ‘ನಮಗೇನೂ ಬೇಡ, ನಮ್ಮ ಅಂತಸ್ತಿಗೆ ತಕ್ಕಂತೆ ಮದುವೆ ಮಾಡಿಕೊಡಿ ಸಾಕು’ ಅಂದರು. ಎರಡನೆಯ ಹುಡುಗ ಪಶುವೈದ್ಯ, ಅವರು ಚಿತ್ರದುರ್ಗದಿಂದ ಕೆಂಪು ಬಸ್ಸಿನಲ್ಲಿ ಬಂದು ಆಟೊದಲ್ಲಿ ಇಳಿದರು. ಭಾವನವರು ಫಾರ್ಚುನರಿನವರನ್ನು ಬಿಡಬೇಡಿ, ಚನ್ನಗಿರಿಯ ಒಂದೆಕರೆ ಅಡಿಕೆ ತೋಟ ಮಾರಿಯಾದರೂ ಅಳಿಯನಿಗೆ ಒಂದು ಕಾರು ಕೊಡಬೇಕಾದೀತು ಅನ್ನುತ್ತಾರೆ. ಯಜಮಾನರು, ಬಸ್ಸಿನಲ್ಲಿ ಬಂದವರು ಸರಳ ಜನ, ಅವರೇ ಒಳ್ಳೆಯವರು ಅನ್ನುತ್ತಾರೆ. ನನಗೆ ದಿಕ್ಕು ತೋಚುತ್ತಿಲ್ಲ ಅಕ್ಕಾ. (ಪತ್ರ ಕತ್ತರಿಸಿದೆ)
— ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಪತ್ರ ಎರಡೂವರೆ ಪುಟ. ಕಾರಿನ ಮಾತು ಒಂಬತ್ತು ಸಲ ಬಂದಿದೆ, ಎಣಿಸಿದೆ. ಅದರ ನಂಬರು ಕೂಡ ಬರೆದಿದ್ದೀರಿ. ಮಗಳು ಏನಂದಳು ಅನ್ನುವುದು ಒಂದು ಸಾಲೂ ಇಲ್ಲ. ಮೊದಲು ಅವಳನ್ನು ಕೂರಿಸಿಕೊಂಡು ಕೇಳಿ, ಭಾವನವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ.

ಇನ್ನು ಕಾರಿನ ವಿಷಯ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್ಸು. 40 ಲಕ್ಷದ ಗಾಡಿಗೆ ತೆರಿಗೆಯೇ ಸುಮಾರು 8 ಲಕ್ಷ ಆಗುತ್ತದೆ. ವಿಮೆಯವರ ಲೆಕ್ಕದಲ್ಲಿ ಅದೇ ಗಾಡಿಯ ಬೆಲೆ ಆರು ತಿಂಗಳು ದಾಟುತ್ತಿದ್ದಂತೆ ಶೇ. 15 ಕಳೆದು, ಐದನೆಯ ವರ್ಷಕ್ಕೆ ಅರ್ಧಕ್ಕೆ ಇಳಿದಿರುತ್ತದೆ. ಅಡಿಕೆ ತೋಟ ಐದು ವರ್ಷದಲ್ಲಿ ಅರ್ಧವಾಗುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆ ಕಾರಿಗೆ 30 ಲಕ್ಷ ಸಾಲ ಇದ್ದರೆ, ಶೇ. 9ರಂತೆ ಏಳು ವರ್ಷಕ್ಕೆ ತಿಂಗಳ ಕಂತು 48,270ರ ಹತ್ತಿರ. ಮುಗಿಯುವ ಹೊತ್ತಿಗೆ ಕಟ್ಟಿದ್ದು ನಲವತ್ತು ಲಕ್ಷದ ಮೇಲೆ. ಸಾಲ ಇದ್ದರೆ ಆರ್‌ಸಿಯಲ್ಲಿ ಹೈಪಾಥಿಕೇಷನ್, ಅಂದರೆ ಗಾಡಿ ಬ್ಯಾಂಕಿಗೆ ಅಡವಿದೆ ಅಂತ ದಾಖಲಾಗಿರುತ್ತದೆ. ತೀರಿದ ಮೇಲೆ ಬ್ಯಾಂಕಿನವರು ಫಾರಂ 35 ಕೊಟ್ಟು, ಆರ್‌ಟಿಒದಲ್ಲಿ ಅದನ್ನು ತೆಗೆಸುವವರೆಗೂ ಗಾಡಿ ಪೂರ್ತಿ ಅವರದಲ್ಲ.

ಸಾಲ ಇದ್ದರೆ ಕೆಟ್ಟವರು ಅನ್ನುತ್ತಿಲ್ಲ. ಸಾಲ ಕೊಟ್ಟೇ ನನ್ನ ಸಂಬಳ ಬಂದದ್ದು. ವ್ಯವಹಾರಸ್ಥರು ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುತ್ತಾರೆ, ವರ್ಷಕ್ಕೆ ಶೇ. 15 ಸವಕಳಿ ತೋರಿಸಿ ಆದಾಯ ತೆರಿಗೆಯಲ್ಲಿ ಉಳಿಸುತ್ತಾರೆ, ಅದೂ ನ್ಯಾಯವೇ. ನಾವು ಮನೆ ತಪಾಸಣೆಗೆ ಹೋದಾಗ ಕಾರಿನ ಮೇಲ್ಭಾಗ ನೋಡುತ್ತಿರಲಿಲ್ಲ. ಟೈರು ನೋಡುತ್ತಿದ್ದೆವು, ವಿಮೆಯ ತಾರೀಖು ನೋಡುತ್ತಿದ್ದೆವು. ಅರವತ್ತು ಸಾವಿರ ಕಿಲೋಮೀಟರ್ ಓಡಿ ಬೋಳಾದ ಟೈರಿನ ಮೇಲೆ ಥಳಥಳ ಹೊಳೆಯುವ ದೊಡ್ಡ ಗಾಡಿ ನಿಂತಿದ್ದರೆ, ಆ ಮನೆಯಲ್ಲಿ ಕೈ ಬಿಗಿಯಾಗಿದೆ ಅಂತ ಅರ್ಥ. ಗಾಡಿ ತೊಳೆಯಲಿಕ್ಕೆ ನೂರು ರೂಪಾಯಿ ಸಾಕು, ನಾಲ್ಕು ಟೈರಿಗೆ ಸಾಲದು.

ಹೊಸಪೇಟೆಯ ಶಾಖೆಯಲ್ಲಿ 2008ರಿಂದ ನಾಲ್ಕು ವರ್ಷ ಇದ್ದೆ. ಆಗಿನ್ನೂ ಅದು ಬಳ್ಳಾರಿ ಜಿಲ್ಲೆ. ಅದಿರಿನ ದುಡ್ಡು ಹೇಗೆ ಹರಿಯುತ್ತಿತ್ತೆಂದರೆ, ಬೆಳಿಗ್ಗೆ ಒರೆಸಿದ ಕೌಂಟರ್ ಮೇಲೆ ಮಧ್ಯಾಹ್ನಕ್ಕೆ ಕೆಂಪು ಧೂಳು, ಧೂಳಿನ ಮೇಲೆ ನೋಟಿನ ಕಟ್ಟು. ಒಂದು ಮನೆಯವರಿಗೆ ಹನ್ನೊಂದು ಟಿಪ್ಪರ್ ಇತ್ತು, ಜೊತೆಗೆ ಒಂದು ವಿದೇಶಿ ಕಾರು. ಅವರ ಮನೆಗೆ ಹೋದರೆ ಬೆಳ್ಳಿ ಲೋಟದಲ್ಲಿ ಬಾದಾಮಿ ಹಾಲು. ಅವರ ಕಡತದ ಮೇಲೆ ನಾನು ಎರಡು ಸಲ ಯೋಚಿಸಿದವಳಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಟಿಪ್ಪರುಗಳು ರಸ್ತೆಬದಿಯಲ್ಲಿ ಸಾಲಾಗಿ ನಿಂತವು. ಮೂರು ಕಂತು ತಪ್ಪಿದ ಮೇಲೆ ನಾನೇ ಸಿಬ್ಬಂದಿಯೊಬ್ಬರನ್ನು ಕರೆದುಕೊಂಡು ಹುಡುಕಿಕೊಂಡು ಹೋದೆ. ಆ ಕಾರು ಕಂಪ್ಲಿ ರಸ್ತೆಯ ನೆಂಟರೊಬ್ಬರ ಬಾಳೆ ತೋಟದೊಳಗೆ ನೀಲಿ ತಾಡಪಾಲು ಹೊದ್ದು ನಿಂತಿತ್ತು. ಅಡಿಯಲ್ಲಿ ಕೋಳಿ ಮರಿ ಮಾಡಿತ್ತು. ತಾಡಪಾಲು ಎತ್ತಿ ನೋಡಿದರೆ ಹಿಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದೇ ಇರಲಿಲ್ಲ.

ಅದೇ ಊರಿನಲ್ಲಿ 2009ರಲ್ಲಿ ಇನ್ನೊಬ್ಬರು ಬಂದಿದ್ದರು. ಪರಿಶಿಷ್ಟ ಜಾತಿಯ ಸಣ್ಣ ಗುತ್ತಿಗೆದಾರರು, ಚರಂಡಿ, ಶಾಲೆ ಕಾಂಪೌಂಡು ಇಂಥ ಕೆಲಸ. ಸ್ಕಾರ್ಪಿಯೊಗೆ ಸಾಲ ಕೇಳಿದರು. ಊರೆಲ್ಲ ಮೆರೆಯುತ್ತಿದ್ದ ಕಾಲ, ಇವರಿಗೂ ಗಾಳಿ ಬಡಿದಿದೆ ಅಂದುಕೊಂಡು ‘ನಿಮ್ಮ ಕೆಲಸಕ್ಕೆ ಇಷ್ಟು ದೊಡ್ಡ ಗಾಡಿ ಯಾಕ್ರೀ? ಓಮ್ನಿ ಸಾಲದಾ?’ ಅಂದೆ. ಅವರು ಸಿಟ್ಟಾಗಲಿಲ್ಲ. ‘ಮೇಡಮ್ಮೋರೆ, ನೀವು ಬಸ್ಸಿನಾಗ ಬಂದ್ರೆ ಎಷ್ಟು ಸಿಂಪಲ್ ಅದಾರ ಅಂತಾರ. ನಾ ಬಸ್ಸಿನಾಗ ಬಂದ್ರೆ ಆಫೀಸ್ನಾಗ ಹೊರಗ ನಿಂದ್ರು ಅಂತಾರ. ಬಿಲ್ಲಿನ ಫೈಲು ಕೆಳಗ ಹೋಗತೈತಿ. ಗಾಡಿ ನನಗಲ್ಲರೀ, ಆ ಕುರ್ಚಿಗೆ’ ಅಂದರು.

ಅವತ್ತು ಮನೆಗೆ ಹೋಗಿ ನಮ್ಮಪ್ಪನನ್ನು ನೆನೆಸಿಕೊಂಡೆ. ಅಪ್ಪ ಹೈಸ್ಕೂಲು ಹೆಡ್‌ಮಾಸ್ಟರು. ರಿಟೈರಾಗುವವರೆಗೂ ಅಟ್ಲಾಸ್ ಸೈಕಲ್ಲು. ‘ಹೆಡ್‌ಮಾಸ್ಟರು ಎಷ್ಟು ಸರಳ’ ಅಂತ ಊರು ಹೊಗಳುತ್ತಿತ್ತು, ಅದನ್ನು ಕೇಳಲಿಕ್ಕೆಂದೇ ಅವರು ಪೇಟೆ ಬೀದಿಯಲ್ಲಿ ಇಳಿದು ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಮನೆಯಲ್ಲಿ ಅಮ್ಮ ಬೆಂಕಿಪೊಟ್ಟಣಕ್ಕೂ ಲೆಕ್ಕ ಬರೆಯಬೇಕಿತ್ತು. ಅಮ್ಮನಿಗೆ ಮಂಡಿ ನೋವು ಬಂದು ನಡೆಯಲಾರದೆ ಹೋದಾಗಲೂ ಜಟಕಾ ಬೇಡ ಅಂದವರು. ಆ ಸೈಕಲ್ಲು ನಮ್ಮಪ್ಪನ ಫಾರ್ಚುನರ್. ಅದರ ಕಂತು ಕಟ್ಟಿದವಳು ಅಮ್ಮ. ನಮ್ಮ ಜಾತಿಗೆ, ನಮ್ಮಪ್ಪನ ಹುದ್ದೆಗೆ ಸೈಕಲ್ಲಿನಲ್ಲಿ ಬಂದರೂ ಕುರ್ಚಿ ಸಿಗುತ್ತಿತ್ತು. ಸಿಗದವರು ಕಾರು ತಂದರೆ ಜಂಬ ಅಂದವರೂ ನಾವೇ.

ಆ ಗುತ್ತಿಗೆದಾರರಿಗೆ ಸಾಲ ಮಂಜೂರು ಮಾಡಿದೆ, ಒಲ್ಲದ ಮನಸ್ಸಿನಿಂದಲೇ. ಐದು ವರ್ಷದ ಸಾಲವನ್ನು ಮೂರೇ ವರ್ಷಕ್ಕೆ ತೀರಿಸಿ, ಫಾರಂ 35 ತೆಗೆದುಕೊಳ್ಳುವ ದಿನ ಧಾರವಾಡ ಪೇಡೆ ತಂದಿದ್ದರು. ಹೊಸಪೇಟೆಗೆ ಧಾರವಾಡದಿಂದ ಪೇಡೆ ಯಾಕೆ ತರಿಸಿದಿರಿ ಅಂದರೆ ನಕ್ಕರು.

ಹಾಗಾಗಿ ನಿಮ್ಮ ಭಾವನವರ ಮಾತೂ ಬೇಡ, ಯಜಮಾನರ ಮಾತೂ ಬೇಡ. ಬಸ್ಸಿನಲ್ಲಿ ಬಂದವರು ಚಿತ್ರದುರ್ಗದಿಂದ ಬಸ್ಸು ಚೆನ್ನಾಗಿದೆ ಅಂತ ಬಂದಿರಬಹುದು, ಅಷ್ಟೇ. ಎರಡು ಕಡೆಯವರಿಂದಲೂ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿ, ಸಿಬಿಲ್ ವರದಿ ಕೇಳಿ, ಅಂದರೆ ಯಾರು ಎಷ್ಟು ಸಾಲ ಮಾಡಿದ್ದಾರೆ, ಹೇಗೆ ತೀರಿಸಿದ್ದಾರೆ ಅನ್ನುವ ಪಟ್ಟಿ. ವರ್ಷಕ್ಕೊಂದು ಉಚಿತವಾಗಿ ಸಿಗುತ್ತದೆ, ಅಂಕ 300ರಿಂದ 900ರವರೆಗೆ. ನಿಮ್ಮ ಮಗಳದನ್ನೂ ಅವರಿಗೆ ಕೊಡಿ. ಜಾತಕ ಕೇಳಿದಾಗ ಆಗದ ಅವಮಾನ ಸಿಬಿಲ್ ಕೇಳಿದಾಗ ಯಾಕಾಗಬೇಕು? ಮೂವತ್ತಾರರಲ್ಲಿ ಎಷ್ಟು ಗುಣ ಕೂಡಿದೆ ಅಂತ ಜೋಯಿಸರು ಹೇಳುತ್ತಾರೆ, ಯಾರ ಮನೆಗೆ ವಸೂಲಿಯವರು ಬರುತ್ತಾರೆ ಅಂತ ಹೇಳುವುದಿಲ್ಲ.

ಆ ‘ಅಂತಸ್ತಿಗೆ ತಕ್ಕಂತೆ’ ಅನ್ನುವ ಮಾತಿದೆಯಲ್ಲ, ನನಗೆ ಕಾರಿಗಿಂತ ಅದರದೇ ಭಯ. ಏನೂ ಬೇಡ ಅನ್ನುವ ಬದಲು ಒಂದು ಪಟ್ಟಿ ಕೊಟ್ಟರೆ ಅದಕ್ಕೊಂದು ಕೊನೆಯಾದರೂ ಇರುತ್ತದೆ. ಅಂತಸ್ತಿಗೆ ಎಲ್ಲಿಯ ಕೊನೆ? ಮಂಟಪ ದೊಡ್ಡದು, ಊಟ ಇನ್ನೂರು ಎಲೆ ಹೆಚ್ಚು, ಸೀಮಂತ, ನಾಮಕರಣ, ಪ್ರತಿ ಸಲವೂ ಅವರ ಅಂತಸ್ತು ನಿಮ್ಮ ಪಾಸ್‌ಬುಕ್ಕಿನಿಂದ ಏರಬೇಕು. ಅಳಿಯನಿಗೆ ಕಾರು ಕೊಡುವುದನ್ನು ಭಾವನವರು ಉಡುಗೊರೆ ಅಂತ ಕರೆದಿದ್ದಾರೆ. ಮದುವೆಯ ಶರತ್ತಾಗಿ ಕೊಟ್ಟರೆ 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ತೆಗೆದುಕೊಂಡವರಷ್ಟೇ ಅಲ್ಲ, ಕೊಟ್ಟವರೂ ಅಪರಾಧಿಗಳೇ, ಇದನ್ನು ಅವರಿಗೆ ಓದಿ ಹೇಳಿ. ಮತ್ತೆ ಆ ತೋಟದ ಪಹಣಿ ಯಾರ ಹೆಸರಿನಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ. ಮಾರುವ ಉಮೇದು ಭಾವನವರಿಗೇ ಜಾಸ್ತಿ ಇದ್ದ ಹಾಗಿದೆ.

ಪ್ರಶ್ನೆ: ನಾನು ಮಂಡ್ಯ ಕಡೆಯವನು, ಬೆಂಗಳೂರಲ್ಲಿ ಸಾಹುಕಾರ್ರ ಮನೆ ಡ್ರೈವರ್. ಅವರ ಬೆಂಜ್ ಓಡಿಸ್ತೀನಿ, ಪಾಂಡಿಚೇರಿ ನಂಬರ್ ಗಾಡಿ. ಹೋದ ತಿಂಗಳು ಮಗಳ ಸ್ಕೂಲ್ ಮೀಟಿಂಗಿಗೆ, ಹೇಗೂ ಅದೇ ದಾರಿ ಅಂತ ಅವರನ್ನು ಕೇಳಿಯೇ ಅದರಲ್ಲಿ ಹೋದೆ. ಹೆಡ್‌ಮೇಡಂ ಎದ್ದು ನಿಂತು ಮಾತಾಡಿಸಿದ್ರು. ಖುಷಿ ಆಯ್ತು. ಈ ತಿಂಗಳು ಬಸ್ಸಲ್ಲಿ ಹೋದರೆ ತಲೆ ಎತ್ತಲಿಲ್ಲ. ಮಗಳು ‘ಅಪ್ಪಾ ಮುಂದಿನ ಸಲ ಕಾರಲ್ಲೇ ಬಾ’ ಅಂತಾಳೆ. ನಾನು ಮಾಡಿದ್ದು ತಪ್ಪಾ ಮೇಡಂ?
— ಒಬ್ಬ ಚಾಲಕ, ಬೆಂಗಳೂರು

ಉತ್ತರ: ಕೇಳಿಕೊಂಡೇ ಹೋದಿರಿ, ಯಾರಿಗೂ ಸುಳ್ಳು ಹೇಳಲಿಲ್ಲ. ಹೆಡ್‌ಮೇಡಂ ತಾವೇ ಸುಳ್ಳು ಹೇಳಿಕೊಂಡರು, ಅದಕ್ಕೆ ನೀವು ಹೊಣೆಯಲ್ಲ. ಮುಂದಿನ ಮೀಟಿಂಗಿಗೆ ಬಸ್ಸಲ್ಲೇ ಹೋಗಿ, ಮಗಳ ಅಂಕಪಟ್ಟಿ ಕೈಯಲ್ಲಿ ಹಿಡಿದು ಎರಡು ಪ್ರಶ್ನೆ ಕೇಳಿ. ತಲೆ ಎತ್ತಲೇಬೇಕಾಗುತ್ತದೆ.

ಮಗಳಿಗೆ ಹೇಳಲಿಕ್ಕೆ ಬೆಂಗಳೂರಿನದೇ ಒಂದು ಕಥೆ ಇದೆ. ಕ್ಷೌರಿಕ ರಮೇಶ್ ಬಾಬು ತೊಂಬತ್ತರ ದಶಕದಲ್ಲಿ ಒಂದು ಮಾರುತಿ ವ್ಯಾನ್ ಕೊಂಡು, ಮುಂದೆ ಅದನ್ನೇ ಬಾಡಿಗೆಗೆ ಬಿಟ್ಟವರು. 2011ರಲ್ಲಿ ರೋಲ್ಸ್ ರಾಯ್ಸ್ ತಂದು ಅದನ್ನೂ ಬಾಡಿಗೆಗೇ ಬಿಟ್ಟರು, ಅಂಗಡಿಯಲ್ಲಿ ಕತ್ತರಿ ಹಿಡಿಯುವುದನ್ನು ಮಾತ್ರ ಬಿಡಲಿಲ್ಲ. ಆ ಕಾರು ಬಂದಾಗ ಎದ್ದು ನಿಂತವರು ದಿನದ ಬಾಡಿಗೆ ಕೊಟ್ಟು ಕೂತವರಿಗೆ ನಮಸ್ಕಾರ ಹೊಡೆದರು. ಮಾಲೀಕರು ಅತ್ತ ಯಾರದೋ ತಲೆಗೂದಲು ಕತ್ತರಿಸುತ್ತಿದ್ದರು.

ಪಾಂಡಿಚೇರಿ ನಂಬರ್ ಅಂದಿರಲ್ಲ, ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಹೊರ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಇಲ್ಲಿಯ ನಂಬರ್ ಹಾಕಿಸಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಆರ್‌ಟಿಒದವರು ತಡೆದರೆ ಸ್ಟಿಯರಿಂಗ್ ಹಿಡಿದು ಕೂತಿರುವವರು ನೀವು. ಗಾಡಿ ಬೆಂಗಳೂರಿಗೆ ಯಾವಾಗ ಬಂತು, ತೆರಿಗೆ ಕಟ್ಟಿದ್ದಾರಾ ಅಂತ ಸಾಹುಕಾರರನ್ನು ಮೆಲ್ಲಗೆ ಕೇಳಿ, ಕಾಗದದ ಜೆರಾಕ್ಸ್ ಮುಂದಿನ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಅವರ ಫೋನ್ ನಂಬರೊಂದೇ ಸಾಲದು. ಇಂಥ ಹೊತ್ತಿನಲ್ಲಿ ಸಾಹುಕಾರರೆಲ್ಲ ಮೀಟಿಂಗಿನಲ್ಲೇ ಇರುತ್ತಾರೆ.